ವ್ಯವಹಾರ ಮತ್ತು ನಿರ್ವಹಣಾ ಸಂಶೋಧನೆಯಲ್ಲಿ ಮಿಶ್ರ ವಿಧಾನ

ಮಿಶ್ರ ವಿಧಾನ: ಒಂದೇ ಪ್ರಶ್ನೆಯ ಬೆನ್ನುಹತ್ತಿ ಅಂಕಿಅಂಶಗಳನ್ನೂ ಜನರ ಮಾತು, ನಡವಳಿಕೆ, ಕಡತಗಳನ್ನೂ ಒಟ್ಟಿಗೆ ದುಡಿಸಿಕೊಳ್ಳುವ ಸಂಶೋಧನಾ ಕ್ರಮ. ಎಣಿಸಿ, ಅಳೆದು, ಸಂಖ್ಯಾಶಾಸ್ತ್ರದ ಒರೆಗೆ ಹಚ್ಚುವುದನ್ನು ಪರಿಮಾಣಾತ್ಮಕ ವಿಧಾನವೆಂದೂ, ಸಂದರ್ಶನ, ವೀಕ್ಷಣೆ, ದಾಖಲೆಗಳ ಓದು ಇವುಗಳಿಂದ ಅರ್ಥ ಹುಡುಕುವುದನ್ನು ಗುಣಾತ್ಮಕ ವಿಧಾನವೆಂದೂ ಕರೆಯುವುದು ವಾಡಿಕೆ. ಕಂಪನಿಯೊಂದರಲ್ಲಿ ರಾಜೀನಾಮೆಗಳು ಹೆಚ್ಚಿದರೆ ಯಾರು, ಯಾವ ತಿಂಗಳು, ಯಾವ ವಿಭಾಗದಿಂದ ಬಿಟ್ಟರು ಎಂಬುದನ್ನು ಹಾಜರಿ ಮತ್ತು ಸಂಬಳದ ದಾಖಲೆಗಳು ಹೇಳುತ್ತವೆ. ಏಕೆ ಬಿಟ್ಟರು ಎಂಬುದಕ್ಕೆ ಬಿಟ್ಟವರನ್ನೇ ಕೇಳಬೇಕು. ಅವರು ಕೊಡುವ ಕಾರಣ ಎಷ್ಟು ಮಂದಿಗೆ ಅನ್ವಯಿಸುತ್ತದೆ ಎಂದು ತಿಳಿಯಲು ಮತ್ತೆ ಎಣಿಕೆಗೆ ಬರಬೇಕು. ಪ್ರಶ್ನಾವಳಿಯ ಕೊನೆಯಲ್ಲಿ ‘ಇತರ ಅಭಿಪ್ರಾಯ’ ಎಂದು ಎರಡು ಗೆರೆ ಜಾಗ ಬಿಟ್ಟ ಮಾತ್ರಕ್ಕೆ ಅಧ್ಯಯನ ಮಿಶ್ರವಾಗುವುದಿಲ್ಲ. ಎರಡು ಬಗೆಯ ಸಾಕ್ಷ್ಯಗಳನ್ನು ಎಲ್ಲಾದರೂ ಒಂದು ಕಡೆ ಬೆಸೆಯಬೇಕು. ಒಂದರಿಂದ ಇನ್ನೊಂದರ ತೀರ್ಮಾನ ಬದಲಾಗುವ ಸಾಧ್ಯತೆ ಇರಬೇಕು. ಈ ಕ್ಷೇತ್ರದ ಇತಿಹಾಸವನ್ನು ನೋಡಿದರೆ, ಎರಡು ಸಾಕ್ಷ್ಯಗಳು ಒಂದನ್ನೊಂದು ಒಪ್ಪಿದಾಗ ಸಿಕ್ಕಿದ್ದಕ್ಕಿಂತ ಒಪ್ಪದೆ ಹೋದಾಗ ಸಿಕ್ಕಿದ್ದೇ ಹೆಚ್ಚು.

ಹಾಥಾರ್ನ್ ಕಾರ್ಖಾನೆ

ಮಿಶ್ರ ವಿಧಾನ ಎಂಬ ಹೆಸರು ಚಾಲ್ತಿಗೆ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಅದು ಕೆಲಸ ಮಾಡಿದ ಜಾಗ ಶಿಕಾಗೊ ಪಕ್ಕದ ಸಿಸೆರೊದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ. ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ಆ ಕಾರ್ಖಾನೆಯಲ್ಲಿ 1924ರಲ್ಲಿ ಶುರುವಾದದ್ದು ಅಪ್ಪಟ ಎಂಜಿನಿಯರಿಂಗ್ ಪ್ರಯೋಗ: ದೀಪದ ಬೆಳಕು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುತ್ತದೆಯೇ? ಉತ್ತರ ಸ್ಪಷ್ಟವಾಗಲಿಲ್ಲ. 1927ರಲ್ಲಿ ರಿಲೇ ಎಂಬ ಟೆಲಿಫೋನ್ ಬಿಡಿಭಾಗವನ್ನು ಜೋಡಿಸುವ ಕೆಲವೇ ಮಹಿಳೆಯರನ್ನು ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿ, ವಿರಾಮ, ಕೆಲಸದ ಅವಧಿ, ಕೂಲಿಯ ಲೆಕ್ಕಾಚಾರ ಇವನ್ನೆಲ್ಲ ಬದಲಿಸುತ್ತ ಪ್ರತಿಯೊಂದು ರಿಲೇಯನ್ನೂ ಎಣಿಸಿದರು. ಆ ಎಣಿಕೆಯ ಪಕ್ಕದಲ್ಲೇ ಕೊಠಡಿಯಲ್ಲಿ ಕುಳಿತ ವೀಕ್ಷಕ ಅವರ ಮಾತು, ಮುನಿಸು, ಆರೋಗ್ಯಗಳನ್ನೂ ಬರೆದಿಡುತ್ತಿದ್ದ. 1928ರಿಂದ ಕಾರ್ಖಾನೆಯಲ್ಲಿ ಸಂದರ್ಶನಗಳ ದೊಡ್ಡ ಕಾರ್ಯಕ್ರಮವೇ ನಡೆದು, ಇಪ್ಪತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ಮಾತನಾಡಿಸಿದರು. ಸಿದ್ಧ ಪ್ರಶ್ನೆಗಳಿಂದ ಆರಂಭಿಸಿದ ಸಂದರ್ಶಕರು ಕ್ರಮೇಣ ಆ ಪಟ್ಟಿಯನ್ನು ಪಕ್ಕಕ್ಕಿಟ್ಟು, ನೌಕರ ಹೇಳಬಯಸಿದ್ದನ್ನೇ ಕೇಳತೊಡಗಿದರು.

ಹೆಚ್ಚು ಪ್ರಸಿದ್ಧಿ ರಿಲೇ ಕೊಠಡಿಗೆ ಸಂದಿದೆ. ವಿಧಾನದ ದೃಷ್ಟಿಯಿಂದ ನೋಡುವವರು ನಿಲ್ಲಬೇಕಾದದ್ದು 1931–32ರ ತಂತಿ ಜೋಡಣೆ ಕೊಠಡಿಯ ಬಳಿ. ಅಲ್ಲಿದ್ದವರು 14 ಗಂಡಸರು. ಮಾನವಶಾಸ್ತ್ರಜ್ಞ ಡಬ್ಲ್ಯು. ಲಾಯ್ಡ್ ವಾರ್ನರ್ ಅವರ ಸಲಹೆಯ ಮೇರೆಗೆ ಒಬ್ಬ ವೀಕ್ಷಕ ಕೊಠಡಿಯಲ್ಲೇ ಇದ್ದು ನೋಡಿದ, ಇನ್ನೊಬ್ಬ ಹೊರಗಡೆ ಸಂದರ್ಶನ ಮಾಡಿದ. ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಬ್ಬನ ದಿನದ ಉತ್ಪಾದನೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ವೀಕ್ಷಕನ ಕಣ್ಣೆದುರು ಮಾತ್ರ ಅದು ದಿನದಿಂದ ದಿನಕ್ಕೆ ಏರುಪೇರಾಗುತ್ತಿತ್ತು. ಹೆಚ್ಚು ಮಾಡಿದ ದಿನ ಕಡಿಮೆ ಬರೆಸಿ, ಕಡಿಮೆ ಮಾಡಿದ ದಿನ ಹೆಚ್ಚು ಬರೆಸಿ, ಕೆಲಸಗಾರರು ತಮ್ಮತಮ್ಮಲ್ಲೇ ‘ಇಷ್ಟು ಸಾಕು’ ಎಂದು ಗೊತ್ತುಮಾಡಿಕೊಂಡ ಮಟ್ಟವನ್ನು ಕಾಪಾಡುತ್ತಿದ್ದರು. ಬುದ್ಧಿಶಕ್ತಿ ಮತ್ತು ಕೈಚಳಕದ ಪರೀಕ್ಷೆಗಳನ್ನೂ ನಡೆಸಿದ್ದರು. ಬುದ್ಧಿಪರೀಕ್ಷೆಯಲ್ಲಿ ಮೊದಲನೆಯವನು ಉತ್ಪಾದನೆಯಲ್ಲಿ ಕಟ್ಟಕಡೆಯವನಾಗಿದ್ದ. ಪುಸ್ತಕದ ಅಂಕಿ ಸುಳ್ಳೆಂದು ತೋರಿಸಿದ್ದು ವೀಕ್ಷಣೆ. ಇದು ಸೋಮಾರಿಗಳ ಕಥೆಯೂ ಅಲ್ಲ, ಅಸಮರ್ಥರ ಕಥೆಯೂ ಅಲ್ಲ ಎಂದು ತೋರಿಸಿದ್ದು ಪರೀಕ್ಷೆಗಳ ಅಂಕಿ. ಎರಡರಲ್ಲಿ ಒಂದೇ ಇದ್ದಿದ್ದರೆ ಗುಂಪಿನ ಅಲಿಖಿತ ನಿಯಮ ಕಾಣಿಸುತ್ತಿರಲಿಲ್ಲ.

ಎಲ್ಟನ್ ಮೇಯೊ ಈ ಅಧ್ಯಯನಗಳನ್ನು ಜಗತ್ತಿಗೆ ಸಾರಿದರು. ಫ್ರಿಟ್ಸ್ ರೋತ್ಲಿಸ್‌ಬರ್ಗರ್ ಮತ್ತು ವಿಲಿಯಂ ಡಿಕ್ಸನ್ 1939ರಲ್ಲಿ ‘ಮ್ಯಾನೇಜ್‌ಮೆಂಟ್ ಅಂಡ್ ದಿ ವರ್ಕರ್’ ಎಂಬ ದಪ್ಪ ಗ್ರಂಥದಲ್ಲಿ ವಿವರ ಕೊಟ್ಟರು. ಗಮನ ಕೊಟ್ಟರೆ ಸಾಕು, ಉತ್ಪಾದನೆ ಹೆಚ್ಚುತ್ತದೆ ಎಂಬ ‘ಹಾಥಾರ್ನ್ ಪರಿಣಾಮ’ ಪಠ್ಯಪುಸ್ತಕಗಳಿಗೆ ಸೇರಿತು. ಅದು ಅಷ್ಟು ಸುಲಭವಾಗಿ ಸೇರಬಾರದಾಗಿತ್ತು. ರಿಲೇ ಕೊಠಡಿಯಲ್ಲಿ 1928ರ ಜನವರಿಯಲ್ಲಿ ಇಬ್ಬರು ಮಹಿಳೆಯರನ್ನು ಶಿಸ್ತಿನ ಕಾರಣಕ್ಕೆ ತೆಗೆದು ಬೇರೆ ಇಬ್ಬರನ್ನು ಕೂರಿಸಿದ್ದರು. 1978ರಲ್ಲಿ ರಿಚರ್ಡ್ ಫ್ರಾಂಕ್ ಮತ್ತು ಜೇಮ್ಸ್ ಕೌಲ್ ಹಳೆಯ ಅಂಕಿಗಳನ್ನು ಹೊಸ ಸಂಖ್ಯಾಶಾಸ್ತ್ರದಿಂದ ವಿಶ್ಲೇಷಿಸಿದಾಗ, ಆ ಶಿಸ್ತುಕ್ರಮ, ಆರ್ಥಿಕ ಮಹಾಕುಸಿತದ ಭಯ, ವಿರಾಮದ ಸಮಯ ಇವೇ ಏರಿಳಿತದ ಬಹುಪಾಲನ್ನು ವಿವರಿಸಿದವು. 2011ರಲ್ಲಿ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್, ಕಳೆದುಹೋಗಿದೆ ಎಂದುಕೊಂಡಿದ್ದ ಬೆಳಕಿನ ಪ್ರಯೋಗದ ದತ್ತಾಂಶವನ್ನು ಹುಡುಕಿ ತೆಗೆದರು. ದೀಪಗಳನ್ನು ಬದಲಿಸುತ್ತಿದ್ದದ್ದು ಭಾನುವಾರ. ಬದಲಾವಣೆ ಇಲ್ಲದ ವಾರಗಳಲ್ಲೂ ಸೋಮವಾರದ ಉತ್ಪಾದನೆ ಶನಿವಾರದ್ದಕ್ಕಿಂತ ಹೆಚ್ಚಿರುತ್ತಿತ್ತು. ರೋಚಕ ಕಥನವೊಂದು ಅಂಕಿಗಳನ್ನು ಎಷ್ಟು ಕಾಲ ಮುಚ್ಚಿಡಬಲ್ಲದು ಎಂಬುದಕ್ಕೂ ಹಾಥಾರ್ನ್ ಉದಾಹರಣೆಯೇ.

ಅಹಮದಾಬಾದಿನ ಮಗ್ಗಗಳು

ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆ ಈ ದಾರಿಯಲ್ಲಿ ಮುಂದೆ ಹೋಯಿತು. ಎರಿಕ್ ಟ್ರಿಸ್ಟ್ ಮತ್ತು ಹಿಂದೆ ಗಣಿಕಾರ್ಮಿಕನಾಗಿದ್ದ ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಬ್ರಿಟಿಷ್ ಕಲ್ಲಿದ್ದಲ ಗಣಿಗಳ ಬಗ್ಗೆ ಬರೆದ ಲೇಖನ ಪ್ರಸಿದ್ಧ. ಭಾರತಕ್ಕೆ ನೇರವಾಗಿ ಸಂಬಂಧಿಸಿದ್ದು ಅದೇ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ ಮಾಡಿದ ಕೆಲಸ. ಸ್ವಯಂಚಾಲಿತ ಮಗ್ಗಗಳನ್ನು ತಂದರೂ ಮಿಲ್ಲಿಗೆ ನಿರೀಕ್ಷಿಸಿದ ಲಾಭ ಬಂದಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಯಾರು ಯಾರ ಮಾತು ಕೇಳಬೇಕು, ಯಾರ ಕೆಲಸ ಎಲ್ಲಿ ಮುಗಿಯುತ್ತದೆ ಎಂಬ ಗೊಂದಲವನ್ನು ರೈಸ್ ನೋಡಿ ಗುರುತಿಸಿದರು. ನಿಗದಿತ ಮಗ್ಗಗಳಿಗೆ ನಿಗದಿತ ಗುಂಪು ಎಂಬ ಯೋಜನೆಯನ್ನು ಮುಂದಿಟ್ಟರು. ಗುಂಪುಗಳನ್ನು ಕೆಲಸಗಾರರೇ ಕಟ್ಟಿಕೊಂಡರು. ಉತ್ಪಾದನೆ ಎಷ್ಟು ಏರಿತು, ಬಟ್ಟೆಯ ಹಾಳು ಎಷ್ಟು ಇಳಿಯಿತು ಎಂಬ ಲೆಕ್ಕ ಅವರ 1958ರ ಪುಸ್ತಕದಲ್ಲಿ ವೀಕ್ಷಣೆಯ ವಿವರದ ಜೊತೆಜೊತೆಗೇ ಸಾಗುತ್ತದೆ. 1970ರಲ್ಲಿ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಆ ವ್ಯವಸ್ಥೆ ಕೆಲವು ಕಡೆ ಉಳಿದಿತ್ತು, ಕೆಲವು ಕಡೆ ಹಳೆಯ ಪದ್ಧತಿಗೆ ಮರಳಿತ್ತು. ಅದೇ ಊರಿನಲ್ಲಿ ವಿಕ್ರಮ್ ಸಾರಾಭಾಯಿ 1947ರಲ್ಲಿ ಕಟ್ಟಿದ ಜವಳಿ ಸಂಶೋಧನಾ ಸಂಸ್ಥೆ ಅಟಿರಾದಲ್ಲಿ ಕಮಲಾ ಚೌಧರಿಯವರ ನೇತೃತ್ವದಲ್ಲಿ ಮನೋವಿಜ್ಞಾನ ವಿಭಾಗವೂ ಇತ್ತು. ನೂಲಿನ ಬಲವನ್ನು ಅಳೆಯುವವರೂ ನೂಲುವವನ ಮನಸ್ಸನ್ನು ಅರಿಯಹೊರಟವರೂ ಒಂದೇ ಸೂರಿನಡಿ ಇದ್ದದ್ದು ಭಾರತೀಯ ನಿರ್ವಹಣಾ ಸಂಶೋಧನೆಯ ಆರಂಭದ ವಿಶೇಷ.

ಕಾರ್ಮಿಕನ ಮನಸ್ಸನ್ನು ಅರಿಯುವ ಇದೇ ಹಾದಿಯಲ್ಲಿ, ಬೆಂಗಳೂರಿನ ಕಾರ್ಖಾನೆ ಕಾರ್ಮಿಕರ ಬಗ್ಗೆ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರಾಮ್ 1976ರಲ್ಲಿ ಪ್ರಕಟಿಸಿದ ‘ಸೌತ್ ಇಂಡಿಯನ್ ಫ್ಯಾಕ್ಟರಿ ವರ್ಕರ್ಸ್’ ಗ್ರಂಥವನ್ನು ನಿರ್ವಹಣಾಶಾಸ್ತ್ರದ ವಿದ್ಯಾರ್ಥಿಗಳು ಅಷ್ಟಾಗಿ ಓದುವುದಿಲ್ಲ. ಕಾರ್ಖಾನೆಯ ಕೆಲಸವೆಂದರೆ ಕಾರ್ಮಿಕರಿಗೆ ಏನು, ಅದರ ಒಳಗಿರುವವರಿಗೂ ಹೊರಗಿರುವವರಿಗೂ ನಡುವಿನ ಗೋಡೆ ಎಂಥದು ಎಂಬ ಅದರ ಪ್ರಶ್ನೆಗಳು ಇಂದಿನ ಗುತ್ತಿಗೆ ನೌಕರರ ಸಮೀಕ್ಷೆಗಳಿಗೂ ಬೇಕಾದವೇ.

ಒಡಕು ಮತ್ತು ಮರುಜೋಡಣೆ

1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳು ಅಮೆರಿಕದ ಬಿಸಿನೆಸ್ ಸ್ಕೂಲುಗಳ ಬಗ್ಗೆ ಹೊರತಂದ ಎರಡು ವರದಿಗಳು, ಅಲ್ಲಿನ ಪಾಂಡಿತ್ಯ ತೆಳುವಾಗಿದೆ, ಅರ್ಥಶಾಸ್ತ್ರ, ಗಣಿತ, ವರ್ತನಾವಿಜ್ಞಾನಗಳ ಬಿಗಿ ಬೇಕು ಎಂದವು. ಶಾಲೆಗಳು ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡವು. ಮುಂದಿನ ಎರಡು ದಶಕಗಳಲ್ಲಿ ಪ್ರಶ್ನಾವಳಿ, ಸಹಸಂಬಂಧ, ಹಿಂಚಲನೆ ವಿಶ್ಲೇಷಣೆಗಳೇ ‘ವೈಜ್ಞಾನಿಕ’ ಎನಿಸಿಕೊಂಡು, ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಕೂತು ನೋಡುವ ಕೆಲಸ ಮೂಲೆ ಸೇರಿತು. ಮರಳಿ ಜೋಡಿಸುವ ಆಲೋಚನೆ ಬಂದದ್ದು, ಸೋಜಿಗವೆಂಬಂತೆ, ಅಳತೆಯ ಪಂಡಿತರಿಂದಲೇ. ಅದೇ 1959ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಡೊನಾಲ್ಡ್ ಫಿಸ್ಕ್, ಒಂದು ಗುಣವನ್ನು ಒಂದೇ ಸಾಧನದಿಂದ ಅಳೆದರೆ ಅಳೆದದ್ದು ಗುಣವನ್ನೋ ಸಾಧನದ ದೋಷವನ್ನೋ ಗೊತ್ತಾಗದು ಎಂದು ವಾದಿಸಿ, ಹಲವು ವಿಧಾನಗಳಿಂದ ತಾಳೆ ನೋಡಬೇಕೆಂದರು. 1970ರಲ್ಲಿ ನಾರ್ಮನ್ ಡೆನ್ಜಿನ್ ಈ ತಾಳೆ ನೋಡುವಿಕೆಯನ್ನು ತ್ರಿಕೋನೀಕರಣ ಎಂಬ ಹೆಸರಿನಲ್ಲಿ ವಿಸ್ತರಿಸಿ, ದತ್ತಾಂಶ, ಸಂಶೋಧಕ, ಸಿದ್ಧಾಂತ, ವಿಧಾನ ಈ ನಾಲ್ಕರಲ್ಲೂ ಬಹುತ್ವ ಸಾಧ್ಯವೆಂದರು.

ನಿರ್ವಹಣಾಶಾಸ್ತ್ರದಲ್ಲಿ ತಿರುವು ಬಂದದ್ದು 1979ರ ಡಿಸೆಂಬರಿನಲ್ಲಿ. ‘ಅಡ್ಮಿನಿಸ್ಟ್ರೇಟಿವ್ ಸೈನ್ಸ್ ಕ್ವಾರ್ಟರ್ಲಿ’ ಪತ್ರಿಕೆ ಜಾನ್ ವ್ಯಾನ್ ಮಾನೆನ್ ಸಂಪಾದಕತ್ವದಲ್ಲಿ ಗುಣಾತ್ಮಕ ವಿಧಾನಗಳ ವಿಶೇಷ ಸಂಚಿಕೆ ತಂದಿತು. ಅದರಲ್ಲಿ ಟಾಡ್ ಜಿಕ್ ಬರೆದ ಲೇಖನ ಇಂದಿಗೂ ಈ ಕ್ಷೇತ್ರದ ಮೊದಲ ಪಾಠ. ವಿಲೀನಗೊಳ್ಳುತ್ತಿದ್ದ ಸಂಸ್ಥೆಯೊಂದರ ನೌಕರರ ಆತಂಕವನ್ನು ಜಿಕ್ ಪ್ರಶ್ನಾವಳಿಯಿಂದ ಅಳೆದರು, ಸಂದರ್ಶನದಲ್ಲಿ ಕೇಳಿದರು. ಸಂಸ್ಥೆಯ ಭವಿಷ್ಯದ ಬಗೆಗಿನ ಪತ್ರಿಕಾ ವರದಿಗಳನ್ನು ಕೂಡಿಟ್ಟಿದ್ದ ಕಡತಗಳನ್ನು ನೋಡಲು ನೌಕರರು ಬರುತ್ತಿದ್ದುದನ್ನೂ ಗಮನಿಸಿದರು. ಆತಂಕವಿದ್ದವರು ಹೆಚ್ಚು ಸಲ ಬರುತ್ತಾರೆ ಎಂಬುದು ಅವರ ಊಹೆ. ಯಾರನ್ನೂ ಒಂದು ಮಾತೂ ಕೇಳದೆ ಸಿಗುವ ಇಂಥ ಸಾಕ್ಷ್ಯ ಪ್ರಶ್ನಾವಳಿಗೂ ಸಂದರ್ಶನಕ್ಕೂ ನಡುವೆ ಪಂಚಾಯ್ತಿ ಮಾಡಬಲ್ಲದು. ಫಲಿತಗಳು ಒಂದಕ್ಕೊಂದು ಕೂಡದಿದ್ದಾಗ ಸಂಶೋಧಕ ಗಾಬರಿಯಾಗಬೇಕಿಲ್ಲ, ಅಲ್ಲಿಂದಲೇ ಸಮೃದ್ಧ ವಿವರಣೆ ಹುಟ್ಟುತ್ತದೆ ಎಂಬ ಜಿಕ್ ಅವರ ಮಾತನ್ನು ಉಲ್ಲೇಖಿಸುವವರು ಬಹಳ, ಪಾಲಿಸುವವರು ಕಡಿಮೆ.

ಇದೇ ಕಾಲಕ್ಕೆ ತಾತ್ತ್ವಿಕ ಜಗಳವೂ ಜೋರಾಗಿತ್ತು. ಲೋಕ ನಮ್ಮಿಂದ ಸ್ವತಂತ್ರವಾಗಿದ್ದು ಅಳತೆಗೆ ಸಿಗುತ್ತದೆ ಎನ್ನುವವರೂ, ಅರ್ಥಗಳನ್ನು ಜನರೇ ಕಟ್ಟುತ್ತಾರೆ ಎನ್ನುವವರೂ ಒಂದೇ ಅಧ್ಯಯನದಲ್ಲಿ ಹೇಗೆ ಕೂಡಿಯಾರು? ಗಿಬ್ಸನ್ ಬರ‍್ರೆಲ್ ಮತ್ತು ಗ್ಯಾರೆತ್ ಮಾರ್ಗನ್ 1979ರ ತಮ್ಮ ಗ್ರಂಥದಲ್ಲಿ ಸಂಘಟನಾ ಸಿದ್ಧಾಂತವನ್ನು ನಾಲ್ಕು ಮನೆಗಳಾಗಿ ಹಂಚಿ, ಒಂದರಿಂದ ಇನ್ನೊಂದಕ್ಕೆ ಹಾದಿಯಿಲ್ಲವೆಂದರು. ಕೆನೆತ್ ಹೌ 1988ರಲ್ಲಿ ಈ ‘ಹೊಂದಾಣಿಕೆ ಅಸಾಧ್ಯ’ ವಾದವನ್ನು ವ್ಯವಹಾರವಾದದ (ಪ್ರಾಗ್ಮಾಟಿಸಂ) ನೆಲೆಯಿಂದ ಪ್ರಶ್ನಿಸಿದರು: ಪ್ರಶ್ನೆಗೆ ಉತ್ತರ ಕೊಡಬಲ್ಲ ವಿಧಾನ ಯಾವುದೋ ಅದನ್ನು ಬಳಸಬೇಕು. ಹೆಚ್ಚಿನ ಸಂಶೋಧಕರು ಇದನ್ನೊಪ್ಪಿ ಕೆಲಸಕ್ಕೆ ಇಳಿದರು. ಜಗಳ ತೀರಿದೆ ಎನ್ನಲಾಗದು, ಅದರ ಬಗ್ಗೆ ಮಾತು ನಿಂತಿದೆ ಎನ್ನಬಹುದು. ಜೆನಿಫರ್ ಗ್ರೀನ್ ಮತ್ತು ಸಂಗಡಿಗರು 1989ರಲ್ಲಿ 57 ಮೌಲ್ಯಮಾಪನ ಅಧ್ಯಯನಗಳನ್ನು ಪರಿಶೀಲಿಸಿ, ಬೆರೆಸುವುದಕ್ಕೆ ಐದು ಉದ್ದೇಶಗಳನ್ನು ಗುರುತಿಸಿದರು: ತಾಳೆ ನೋಡುವುದು, ಪೂರಕ ವಿವರಣೆ ಪಡೆಯುವುದು, ಒಂದರಿಂದ ಇನ್ನೊಂದನ್ನು ರೂಪಿಸುವುದು, ವಿರೋಧಾಭಾಸದಿಂದ ಹೊಸ ಪ್ರಶ್ನೆ ಎತ್ತುವುದು, ವ್ಯಾಪ್ತಿ ಹಿಗ್ಗಿಸುವುದು. ಅಬ್ಬಾಸ್ ತಶಕ್ಕೊರಿ, ಚಾರ್ಲ್ಸ್ ಟೆಡ್ಲಿ, ಜಾನ್ ಕ್ರೆಸ್‌ವೆಲ್ ಮೊದಲಾದವರ ಪಠ್ಯಗಳು, 2007ರಲ್ಲಿ ಶುರುವಾದ ‘ಜರ್ನಲ್ ಆಫ್ ಮಿಕ್ಸ್‌ಡ್ ಮೆಥಡ್ಸ್ ರಿಸರ್ಚ್’ ಮಿಶ್ರ ವಿಧಾನಕ್ಕೊಂದು ಶಾಖೆಯ ರೂಪ ಕೊಟ್ಟವು.

ವಿನ್ಯಾಸಗಳು

ಪಠ್ಯಪುಸ್ತಕಗಳು ವಿನ್ಯಾಸಗಳಿಗೆ ಉದ್ದನೆಯ ಪಟ್ಟಿ ಕೊಡುತ್ತವೆ. ಸಾರವಿರುವುದು ಎರಡು ಪ್ರಶ್ನೆಗಳಲ್ಲಿ: ಯಾವುದು ಮೊದಲು, ಯಾವುದಕ್ಕೆ ಹೆಚ್ಚು ತೂಕ? ಎರಡನ್ನೂ ಒಟ್ಟಿಗೆ ನಡೆಸಿ ಕೊನೆಗೆ ಕೂಡಿಸಿದರೆ ಸಮಾನಾಂತರ ವಿನ್ಯಾಸ. ಮಾತಿನಿಂದ ಶುರುಮಾಡಿ ಎಣಿಕೆಗೆ ಹೋದರೆ ಶೋಧನಾತ್ಮಕ, ಎಣಿಕೆಯಿಂದ ಶುರುಮಾಡಿ ಮಾತಿಗೆ ಬಂದರೆ ವಿವರಣಾತ್ಮಕ.

ಶೋಧನಾತ್ಮಕಕ್ಕೆ ಡೆನಿಸ್ ಜೋಯಾ ಮತ್ತು ಜೇಮ್ಸ್ ಥಾಮಸ್ ಅವರ 1996ರ ಅಧ್ಯಯನ ಮಾದರಿ. ದೊಡ್ಡ ಬದಲಾವಣೆಗೆ ಕೈಹಾಕಿದ್ದ ಒಂದು ವಿಶ್ವವಿದ್ಯಾಲಯದ ಒಳಗೆ ಹೊಕ್ಕು ಅಲ್ಲಿನ ಮುಖ್ಯಸ್ಥರು ತಮ್ಮ ಸಂಸ್ಥೆಯ ಅಸ್ಮಿತೆ, ವರ್ಚಸ್ಸುಗಳ ಬಗ್ಗೆ ಹೇಗೆ ಯೋಚಿಸುತ್ತಾರೆಂದು ತಿಳಿದು, ಆ ಪರಿಕಲ್ಪನೆಗಳನ್ನು ಪ್ರಶ್ನಾವಳಿಗೆ ಇಳಿಸಿ, 372 ಕಾಲೇಜು–ವಿಶ್ವವಿದ್ಯಾಲಯಗಳ 611 ಆಡಳಿತಗಾರರಲ್ಲಿ ಪರೀಕ್ಷಿಸಿದರು. ಸ್ಟೀಫನ್ ಬಾರ್ಲಿ 1986ರಲ್ಲಿ ಪ್ರಕಟಿಸಿದ ಕೆಲಸ ಯಾವ ಪೆಟ್ಟಿಗೆಗೂ ಸುಲಭಕ್ಕೆ ಸೇರದು. ಮ್ಯಾಸಚೂಸೆಟ್ಸ್‌ನ ಎರಡು ಆಸ್ಪತ್ರೆಗಳಿಗೆ ಆಗಷ್ಟೇ ಸಿ.ಟಿ. ಸ್ಕ್ಯಾನರ್ ಬಂದಿದ್ದಾಗ ಅವರು ವೈದ್ಯರು ಮತ್ತು ತಂತ್ರಜ್ಞರ ಪಕ್ಕ ನಿಂತು ಮಾತುಕತೆ ದಾಖಲಿಸಿದರು. ಪ್ರತಿ ಸ್ಕ್ಯಾನಿನಲ್ಲಿ ಯಾವ ನಿರ್ಧಾರ ಯಾರು ತೆಗೆದುಕೊಂಡರೆಂದು ಎಣಿಸಿ ಕಾಲಾನುಕ್ರಮದಲ್ಲಿ ಗ್ರಾಫ್ ಎಳೆದರು. ಯಂತ್ರ ಒಂದೇ, ಬೆಳೆದ ಅಧಿಕಾರ ಸಂಬಂಧ ಎರಡು ಕಡೆ ಬೇರೆ ಬೇರೆ.

ವಿವರಣಾತ್ಮಕ ವಿನ್ಯಾಸದ ಅತ್ಯುತ್ತಮ ಉದಾಹರಣೆ, ಈ ಲೇಖಕನ ಮಟ್ಟಿಗೆ, ರಾಬರ್ಟ್ ಸಟನ್ ಮತ್ತು ಅನತ್ ರಫೇಲಿಯವರದು. ಅಂಗಡಿ ಗುಮಾಸ್ತರು ನಗುನಗುತ್ತ ಮಾತನಾಡಿದರೆ ವ್ಯಾಪಾರ ಹೆಚ್ಚುತ್ತದೆ ಎಂದು ಎಲ್ಲರಂತೆ ಅವರೂ ನಂಬಿದ್ದರು. ದಿನಬಳಕೆ ಸಾಮಾನಿನ ಸರಣಿಯೊಂದರ 576 ಅಂಗಡಿಗಳಿಂದ, ಗುರುತು ಹೇಳದೆ ಹೋದ ವೀಕ್ಷಕರು ದಾಖಲಿಸಿದ ಸಾವಿರಾರು ವಹಿವಾಟುಗಳ ಲೆಕ್ಕ ಬಂತು. ಫಲಿತ ತಿರುಗುಮುರುಗು: ಹೆಚ್ಚು ಮಾರಾಟವಾಗುವ ಅಂಗಡಿಗಳಲ್ಲೇ ನಗು, ವಂದನೆ ಕಡಿಮೆ. ಇಂಥ ಕಡೆ ಅನೇಕರು ಒಂದೋ ದತ್ತಾಂಶ ಕೆಟ್ಟಿದೆ ಎಂದು ಕೈಬಿಡುತ್ತಾರೆ, ಇಲ್ಲವೇ ಮೊದಲಿನಿಂದಲೂ ಇದನ್ನೇ ಊಹಿಸಿದ್ದೆವು ಎಂದು ಬರೆಯುತ್ತಾರೆ. ಇವರು ಅಂಗಡಿಗಳಿಗೆ ಹೋದರು. ವ್ಯವಸ್ಥಾಪಕರನ್ನು ಮಾತನಾಡಿಸಿದರು, ನಾಲ್ಕು ಅಂಗಡಿಗಳನ್ನು ಹತ್ತಿರದಿಂದ ನೋಡಿದರು, ಸಟನ್ ಸ್ವತಃ ಗುಮಾಸ್ತರಾಗಿ ನಿಂತರು. ಸಾಲು ಉದ್ದವಿದ್ದಾಗ ‘ಹೇಗಿದ್ದೀರಿ’ ಎಂಬ ಉಪಚಾರ ಗುಮಾಸ್ತನಿಗೂ ಬೇಡ, ಹಿಂದೆ ನಿಂತ ಗಿರಾಕಿಗೂ ಬೇಡ. ಬಿಡುವಿನ ಅಂಗಡಿಯಲ್ಲಿ ಗಿರಾಕಿ ಬಂದರೆ ಅದೇ ಒಂದು ಕಾಲಕ್ಷೇಪ. ಮಾರಾಟ ನಗುವಿನ ಫಲವಾಗಿರಲಿಲ್ಲ, ಅಂಗಡಿಯ ಗಡಿಬಿಡಿಯ ಸೂಚಿಯಾಗಿತ್ತು. ಈ ಹೊಸ ಅರ್ಥವನ್ನು ಹಿಡಿದು ಮತ್ತೆ ಅಂಕಿಗಳಿಗೆ ಮರಳಿ ಪರೀಕ್ಷಿಸಿದಾಗ ಅದು ನಿಂತಿತು. ಆದದ್ದನ್ನು ಆದ ಕ್ರಮದಲ್ಲೇ, ಸೋತ ಊಹೆಯನ್ನು ಮುಚ್ಚಿಡದೆ, 1988ರಲ್ಲಿ ‘ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಜರ್ನಲ್’ನಲ್ಲಿ ಬರೆದರು.

ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಆಸ್ಪತ್ರೆ ಅಧ್ಯಯನವೂ ಇದೇ ಜಾಡಿನದು. ಒಳ್ಳೆಯ ನಾಯಕತ್ವವಿರುವ ದಾದಿಯರ ಘಟಕಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರಬೇಕಿತ್ತು, ಹೆಚ್ಚು ಕಂಡವು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇಲ್ಲದ್ದರಿಂದ ದಾಖಲೆಗೆ ಬರುವುದು ಹೆಚ್ಚಿರಬಹುದೇ? ತಪ್ಪುಗಳ ಸಂಖ್ಯೆಯಾಗಲೀ ಸಮೀಕ್ಷೆಯ ಫಲಿತವಾಗಲೀ ಗೊತ್ತಿಲ್ಲದ ಒಬ್ಬ ಸಂಶೋಧಕನನ್ನು ಎಂಟು ಘಟಕಗಳಿಗೆ ಕಳುಹಿಸಿ, ಅವುಗಳ ಮುಕ್ತತೆಯನ್ನು ನೋಡಿ ಶ್ರೇಣಿ ಕೊಡಲು ಹೇಳಿದರು. ಆ ಶ್ರೇಣಿಗೂ ಪತ್ತೆಯಾದ ತಪ್ಪುಗಳ ಪ್ರಮಾಣಕ್ಕೂ ಹೊಂದಿಕೆಯಾಯಿತು. ‘ಮಾನಸಿಕ ಸುರಕ್ಷತೆ’ ಎಂದು ಇಂದು ಐಟಿ ಕಂಪನಿಗಳ ತರಬೇತಿಗಳಲ್ಲೆಲ್ಲ ಕೇಳಿಬರುವ ಪರಿಕಲ್ಪನೆಗೆ, ಎಡ್ಮಂಡ್‌ಸನ್ 1999ರಲ್ಲಿ ಪ್ರಕಟಿಸಿದ 51 ತಂಡಗಳ ಅಧ್ಯಯನದ ಮೂಲಕ, ಬೇರು ಇಲ್ಲಿದೆ. ವೀಕ್ಷಕನಿಗೆ ಅಂಕಿಗಳನ್ನು ಹೇಳದೆ ಕಳುಹಿಸಿದ್ದು ಈ ಕೆಲಸದ ಜೀವಾಳ. ಸಂಖ್ಯೆ ಗೊತ್ತಿರುವವನ ಕಣ್ಣು ಸಂಖ್ಯೆಗೆ ಬೇಕಾದ್ದನ್ನೇ ನೋಡುತ್ತದೆ.

ತೊಡಕುಗಳು

ಅಲನ್ ಬ್ರೈಮನ್ 2006ರಲ್ಲಿ ಸಮಾಜವಿಜ್ಞಾನಗಳ 232 ಮಿಶ್ರ ವಿಧಾನ ಲೇಖನಗಳನ್ನು ಪರಿಶೀಲಿಸಿದಾಗ, ಬೆರೆಸಲು ಕೊಟ್ಟ ಕಾರಣಕ್ಕೂ ನಿಜವಾಗಿ ಮಾಡಿದ ಕೆಲಸಕ್ಕೂ ಬಹಳ ಕಡೆ ತಾಳೆ ಇರಲಿಲ್ಲ. ಎಷ್ಟೋ ಲೇಖನಗಳು ಕಾರಣವನ್ನೇ ಹೇಳಿರಲಿಲ್ಲ. ನಿರ್ವಹಣಾ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಕಾಣುವ ರೋಗ ಒಂದಿದೆ: ಮುನ್ನೂರು ಜನರ ಸಮೀಕ್ಷೆಯ ಫಲಿತಕ್ಕೆ ಹತ್ತು ಸಂದರ್ಶನಗಳಿಂದ ಆಯ್ದ ನಾಲ್ಕು ಸೊಗಸಾದ ವಾಕ್ಯಗಳ ಒಗ್ಗರಣೆ. ಸಂದರ್ಶನಗಳಲ್ಲಿ ಫಲಿತವನ್ನು ಒಪ್ಪದ ಮಾತುಗಳಿದ್ದವೇ, ಅವು ಎಲ್ಲಿ ಹೋದವು ಎಂದು ಓದುಗರಿಗೆ ತಿಳಿಯುವುದೇ ಇಲ್ಲ. ಪತ್ರಿಕೆಗಳ ಪುಟಮಿತಿ, ಒಂದೇ ವಿಧಾನದಲ್ಲಿ ಪಳಗಿದ ಪರಿಶೀಲಕರು, ಮೂರು ವರ್ಷದಲ್ಲಿ ಮುಗಿಸಬೇಕಾದ ಪಿಎಚ್.ಡಿ. ಇವೆಲ್ಲ ಇದಕ್ಕೆ ಕಾರಣ. ಗುಣಮಟ್ಟವನ್ನು ಅಳೆಯುವ ಮಾನದಂಡಗಳನ್ನು ರೂಪಿಸುವ ಪ್ರಯತ್ನಗಳೂ ನಡೆದಿವೆ. ಮಾಹಿತಿ ವ್ಯವಸ್ಥೆಗಳ ಕ್ಷೇತ್ರದಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಹಲೇಖಕರು 2013ರಲ್ಲಿ ‘ಎಂಐಎಸ್ ಕ್ವಾರ್ಟರ್ಲಿ’ಯಲ್ಲಿ ಕೊಟ್ಟ ಮಾರ್ಗಸೂಚಿ ಹೆಚ್ಚು ಬಳಕೆಯಲ್ಲಿದೆ. ಎಲ್ಲ ಪ್ರಶ್ನೆಗೂ ಬೆರಕೆ ಬೇಕೆಂದೂ ಇಲ್ಲ. ಎಡ್ಮಂಡ್‌ಸನ್ ಮತ್ತು ಸ್ಟೇಸಿ ಮೆಕ್‌ಮ್ಯಾನಸ್ 2007ರಲ್ಲಿ ಹೇಳಿದಂತೆ, ಏನೂ ತಿಳಿಯದ ವಿಷಯಕ್ಕೆ ಗುಣಾತ್ಮಕ, ಬಲಿತ ಸಿದ್ಧಾಂತವಿರುವಲ್ಲಿ ಪರಿಮಾಣಾತ್ಮಕ, ನಡುವಿನ ಹಂತದಲ್ಲಿ ಮಿಶ್ರ ಎಂಬುದು ಒಳ್ಳೆಯ ಸ್ಥೂಲ ಸೂತ್ರ.

ಭಾರತದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಇಂಗ್ಲಿಷಿನಲ್ಲಿ ತಯಾರಾದ ಐದು ಹಂತಗಳ ಮಾಪಕವನ್ನು ಕನ್ನಡ, ತಮಿಳು, ಹಿಂದಿ ಮಾತನಾಡುವ ಕೆಲಸಗಾರರ ಮುಂದೆ ಓದುತ್ತಾರೆ. ಅವರು ತಮ್ಮ ಭಾಷೆಯಲ್ಲಿ ಕೊಟ್ಟ ಸಂದರ್ಶನವನ್ನು ಇಂಗ್ಲಿಷಿಗೆ ತಂದು ಸಂಕೇತ ಹಾಕುತ್ತಾರೆ. ಎರಡೂ ದಿಕ್ಕಿನಲ್ಲಿ ಸೋರಿಕೆಯಿದೆ. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವ್ಯವಸ್ಥಿತಗೊಳಿಸಿದ, ಅನುವಾದವನ್ನು ಮತ್ತೆ ಮೂಲ ಭಾಷೆಗೆ ತಂದು ಹೋಲಿಸುವ ಮರು ಅನುವಾದ ಕ್ರಮ ಮಾಪಕವನ್ನು ಸ್ವಲ್ಪ ಕಾಪಾಡುತ್ತದೆ. ಸಂದರ್ಶನಕ್ಕೆ ಮೂಲ ಭಾಷೆಯಲ್ಲೇ ವಿಶ್ಲೇಷಿಸುವುದಕ್ಕಿಂತ ಒಳ್ಳೆಯ ಮದ್ದಿಲ್ಲ.

ಇತ್ತೀಚಿನ ಕೆಲಸ

ಪ್ರಯೋಗಗಳ ಜೊತೆ ಕ್ಷೇತ್ರಕಾರ್ಯವನ್ನು ಸೇರಿಸಿದ್ದಕ್ಕೆ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಸುತ್ತಲಿನ 17 ಜವಳಿ ಕಂಪನಿಗಳಲ್ಲಿ ಮಾಡಿದ ಅಧ್ಯಯನ ಸಾಕ್ಷಿ. ಅದು 2013ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಆರಿಸಿದ ಮಿಲ್ಲುಗಳಿಗೆ ಐದು ತಿಂಗಳು ಸಲಹೆಗಾರರನ್ನು ಕಳುಹಿಸಿ, 38 ನಿರ್ವಹಣಾ ಪದ್ಧತಿಗಳ ಅಳವಡಿಕೆಯನ್ನು ಗಮನಿಸಿದರು. ಮೊದಲ ವರ್ಷವೇ ಉತ್ಪಾದಕತೆ ಶೇ. 17ರಷ್ಟು ಏರಿತು. ಇಷ್ಟು ಲಾಭವಿದ್ದರೆ ಮಾಲೀಕರು ಮೊದಲೇ ಏಕೆ ಮಾಡಲಿಲ್ಲ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾಲೀಕರ ಜೊತೆ ನಡೆದ ಮಾತುಕತೆಗಳಲ್ಲಿ: ಕೆಲವು ಪದ್ಧತಿಗಳ ವಿಷಯವೇ ಗೊತ್ತಿರಲಿಲ್ಲ, ಗೊತ್ತಿದ್ದವುಗಳಿಂದ ಲಾಭವಿದೆ ಎಂಬ ನಂಬಿಕೆ ಇರಲಿಲ್ಲ. ಕಂಪನಿ ಎಷ್ಟು ಬೆಳೆಯುತ್ತದೆ ಎಂಬುದು ಕುಟುಂಬದಲ್ಲಿ ಎಷ್ಟು ಗಂಡುಮಕ್ಕಳಿದ್ದಾರೆ ಎಂಬುದರ ಮೇಲೂ ನಿಂತಿತ್ತು. 2020ರಲ್ಲಿ ಪ್ರಕಟವಾದ ಮುಂದುವರಿದ ಅಧ್ಯಯನದ ಪ್ರಕಾರ, ಕಲಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧದಷ್ಟು ಬಿಟ್ಟುಹೋಗಿದ್ದವು. ವ್ಯವಸ್ಥಾಪಕರು ಕೆಲಸ ಬಿಟ್ಟದ್ದು, ನಿರ್ದೇಶಕರಿಗೆ ಸಮಯವಿಲ್ಲದ್ದು ಕಾರಣಗಳೆಂದು ತಿಳಿದುಬಂತು.

ಅಚ್ಯುತ ಅಧ್ವರ್ಯು ಮತ್ತು ಸಹಸಂಶೋಧಕರು ಭಾರತದ ಸಿದ್ಧ ಉಡುಪು ಕಂಪನಿಯೊಂದರಲ್ಲಿ ನಡೆಸಿದ ಪ್ರಯೋಗ ಹಾಥಾರ್ನ್ ಸಂದರ್ಶನಗಳ ದೂರದ ಸಂಬಂಧಿ. ನಿರೀಕ್ಷಿಸಿದಷ್ಟು ಕೂಲಿ ಏರದಿದ್ದಾಗ, ಕೆಲವು ಕಾರ್ಮಿಕರಿಗೆ ಮಾತ್ರ ಹೆಸರು ಹೇಳದೆ ಅಭಿಪ್ರಾಯ ತಿಳಿಸುವ ಸಮೀಕ್ಷೆ ಕೊಟ್ಟರು. ಅದನ್ನು ಪಡೆದವರು ಕೆಲಸ ಬಿಡುವ ಸಾಧ್ಯತೆ ಉಳಿದವರಿಗಿಂತ ಸುಮಾರು ಶೇ. 20ರಷ್ಟು ಕಡಿಮೆಯಾಯಿತು. ಅಂದರೆ ಪ್ರಶ್ನೆ ಕೇಳುವುದೇ ಉತ್ತರಿಸುವವರನ್ನು ಬದಲಿಸುತ್ತದೆ. ಸಮೀಕ್ಷೆಯನ್ನು ತಟಸ್ಥ ಅಳತೆಗೋಲೆಂದು ಭಾವಿಸಿದವರಿಗೆ ಇದು ಇರುಸುಮುರುಸಿನ ಸುದ್ದಿ.

ಕಂಪ್ಯೂಟರ್ ಬಂದ ಮೇಲೆ ಲಕ್ಷಾಂತರ ಪುಟಗಳ ಮಾತನ್ನೂ ಎಣಿಸಬಹುದಾಗಿದೆ. ವಾರ್ಷಿಕ ವರದಿ, ಗ್ರಾಹಕರ ದೂರು, ನೌಕರರ ವಿಮರ್ಶೆ ಎಲ್ಲವೂ ಈಗ ಏಕಕಾಲಕ್ಕೆ ಪಠ್ಯವೂ ಹೌದು, ದತ್ತಾಂಶವೂ ಹೌದು. ಹಣಕಾಸು ಸಂಶೋಧಕರು ಕಂಪನಿ ವರದಿಗಳ ಧಾಟಿ ಅಳೆಯಲು ಹಾರ್ವರ್ಡ್ ಪದಕೋಶದ ‘ನಕಾರಾತ್ಮಕ’ ಪದಗಳನ್ನು ಎಣಿಸುತ್ತಿದ್ದರು. ಟಿಮ್ ಲಾಫ್‌ರನ್ ಮತ್ತು ಬಿಲ್ ಮೆಕ್‌ಡೊನಾಲ್ಡ್ 1994ರಿಂದ 2008ರವರೆಗಿನ ಅಮೆರಿಕದ ವಾರ್ಷಿಕ ವರದಿಗಳನ್ನು ಪರಿಶೀಲಿಸಿ 2011ರಲ್ಲಿ ತೋರಿಸಿದಂತೆ, ಆ ಎಣಿಕೆಯ ಮುಕ್ಕಾಲು ಭಾಗ ಹಣಕಾಸಿನ ಬರಹದಲ್ಲಿ ನಕಾರಾತ್ಮಕವೇ ಅಲ್ಲ. ತೆರಿಗೆ, ವೆಚ್ಚ, ಹೊಣೆಗಾರಿಕೆ ಎಂಬಂಥ ಪದಗಳು ಲಾಭ ಗಳಿಸುವ ಕಂಪನಿಯ ವರದಿಯಲ್ಲೂ ಪುಟಪುಟಕ್ಕೂ ಇರುತ್ತವೆ. ಆ ವರದಿಗಳಲ್ಲಿ ಪದಗಳು ನಿಜವಾಗಿ ಹೇಗೆ ಬಳಕೆಯಾಗುತ್ತವೆ ಎಂದು ನೋಡಿ ಅವರು ಹೊಸ ಪಟ್ಟಿಗಳನ್ನು ಮಾಡಿದರು. ಹಣಕಾಸು ಸಂಶೋಧನೆಯಲ್ಲಿ ಆಮೇಲಿನ ಪದ ಎಣಿಕೆ ಬಹುಮಟ್ಟಿಗೆ ಆ ಪಟ್ಟಿಗಳ ಪ್ರಕಾರ ನಡೆಯಿತು.